ಪಿಕಪ್ ಇಲ್ಲದ ಪಿಕಪ್

ಚಾಮರಾಜನಗರ ತಾಲ್ಲೂಕಿನಲ್ಲಿ, ಸಂತೇಮರಹಳ್ಳಿಗೆ ಸಮೀಪದ ಕುದೇರು ಎಂದೊಡನೆ ಈಗ ಬಹಳ ಮಂದಿಗೆ ಹಾಲಿನ ಡೇರಿ ನೆನಪಾಗುತ್ತದೆ. ಜನರ ಬಾಯಲ್ಲಿ ಚಾಮುಲ್ ಎನಿಸಿಕೊಂಡಿರುವ ಜಿಲ್ಲಾ ಹಾಲು ಒಕ್ಕೂಟ ಇರುವುದು ಇಲ್ಲಿಯೇ. ಹಾಲಿನ ಊರಿಗೆ ಬೆಳಗು ಬೇಗ ಆಗುತ್ತದೆ. ಕೋಳಿ ಕೂಗುವುದಕ್ಕೂ ಮೊದಲು ರಸ್ತೆಯಲ್ಲಿ ಡೀಸೆಲ್ ಎಂಜಿನ್ನುಗಳ ಗಡಗಡ ಸದ್ದು ಕೇಳತೊಡಗುತ್ತದೆ. ಹಾಲು, ಪಶು ಆಹಾರ, ಹಸಿಮೇವು, ಬಾಳೆಗೊನೆ, ಅರಿಸಿನದ ಮೂಟೆ, ಟೊಮೆಟೊ ಕ್ರೇಟು ಎಲ್ಲಕ್ಕೂ ಪಿಕಪ್ ಗಾಡಿಯೇ ಗತಿ.

ಈ ಗಾಡಿಗಳಲ್ಲಿ ಹೊಸವು ಕೆಲವು. ಕೈಯಿಂದ ಕೈಗೆ ದಾಟಿ ಬಂದವು ಹಲವು. ಹತ್ತು ಹದಿನೈದು ವರ್ಷ ದುಡಿದ ಗಾಡಿಯೊಂದರ ಮೇಲೆ ಮನೆಯ ಖರ್ಚು, ಮಕ್ಕಳ ಫೀಸು, ಬ್ಯಾಂಕಿನ ಕಂತು ಮೂರೂ ಸವಾರಿ ಮಾಡುತ್ತಿರುತ್ತವೆ. ಅದು ಒಂದು ದಿನ ದಿಬ್ಬದಲ್ಲಿ ಏದುಸಿರು ಬಿಟ್ಟರೆ ಮಾಲೀಕ ನೇರ ಮೆಕ್ಯಾನಿಕ್ ಬಳಿಗೆ ಓಡುತ್ತಾನೆ. 'ಗಾಡಿ ಎಳೀತಾನೇ ಇಲ್ಲ ಕನಣ್ಣ, ಪಂಪಲ್ಲಿ ವಸಿ ಡೀಸೆಲ್ ಜಾಸ್ತಿ ಬುಡು' ಎಂಬುದು ಅವನ ಬೇಡಿಕೆ. ಪಿಕಪ್ ಎಂಬ ಹೆಸರಿನ ಗಾಡಿಗೆ ಪಿಕಪ್ಪೇ ಇಲ್ಲ ಎಂಬ ಈ ದೂರು ಜಿಲ್ಲೆಯ ಯಾವ ವರ್ಕ್‌ಶಾಪಿನಲ್ಲೂ ಹೊಸದಲ್ಲ. ಆದರೆ ಅದಕ್ಕೆ ಕೇಳುವ ಮದ್ದು ಮಾತ್ರ ಹೆಚ್ಚಿನ ವೇಳೆ ತಪ್ಪು.

ಏಕೆಂದರೆ ಹಳೆಯ ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಕೊರತೆಯಾಗಿರುವುದು ಡೀಸೆಲ್ ಅಲ್ಲ, ಗಾಳಿ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಗುಟ್ಟೇ ಗಾಳಿ. ಇಲ್ಲಿ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಅದರ ಗಾತ್ರದ ಹದಿನೆಂಟನೇ ಒಂದು ಭಾಗದಷ್ಟಕ್ಕೆ ಅದುಮಿದರೆ ಅದರ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಕ್ಕೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿದ ಹುಡುಗನಿಗೆ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ. (1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಒಂದು ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು. ಕಡಲೆಕಾಯಿ ಬೆಳೆಯುವ ನಮ್ಮ ಸೀಮೆಯವರು ಯಾರೂ ಈಗ ಆ ಪ್ರಯೋಗಕ್ಕೆ ಕೈಹಾಕದಿರುವುದು ಒಳ್ಳೆಯದು. ಎಣ್ಣೆಯ ಬೆಲೆಯಿಂದಲೂ, ಪಂಪಿನ ಆರೋಗ್ಯದಿಂದಲೂ.)

ಒಂದು ಲೀಟರ್ ಡೀಸೆಲ್ ಪೂರ್ತಿಯಾಗಿ ಉರಿಯಲು ಕಡಿಮೆಯೆಂದರೂ ಸುಮಾರು 12 ಕಿಲೋ ಗಾಳಿ ಬೇಕು. ಅಂದರೆ ಸುಮಾರು ಹತ್ತು ಸಾವಿರ ಲೀಟರ್! ಇಷ್ಟೂ ಗಾಳಿ ಬರಬೇಕಾದದ್ದು ಒಂದು ಏರ್ ಫಿಲ್ಟರಿನ ಮೂಲಕ. ಚಾಮರಾಜನಗರದ ಸುತ್ತ ಕರಿಕಲ್ಲಿನ ಕ್ವಾರಿಗಳ ಪುಡಿ, ಬೇಸಿಗೆಯಲ್ಲಿ ಹೊಲದ ಕೆಂಪು ದೂಳು. ಫಿಲ್ಟರು ಕಟ್ಟಿಕೊಂಡ ಗಾಡಿಗೆ ಪಂಪಿನಲ್ಲಿ ಡೀಸೆಲ್ ಹೆಚ್ಚಿಸುವುದೆಂದರೆ ಉಸಿರು ಕಟ್ಟಿದವನ ಬಾಯಿಗೆ ಮುದ್ದೆ ತುರುಕಿದ ಹಾಗೆ. ಕೆಲವು ನೂರು ರೂಪಾಯಿಯ ಫಿಲ್ಟರು ಬದಲಾಯಿಸಿ, ಗಾಳಿಯ ಹೋಸುಗಳು ಸೀಳಿಲ್ಲವೇ ಎಂದು ನೋಡಿದರೆ ಎಷ್ಟೋ ಗಾಡಿಗಳು ಅಂದೇ ಚೇತರಿಸಿಕೊಳ್ಳುತ್ತವೆ. ಟರ್ಬೋ ಇರುವ ಗಾಡಿಯಲ್ಲಂತೂ ಸಡಿಲವಾದ ಒಂದು ಕ್ಲಿಪ್ಪು ಅರ್ಧ ಶಕ್ತಿಯನ್ನೇ ಕದಿಯಬಲ್ಲದು.

ಹೊಗೆಯ ಬಣ್ಣ ನೋಡಿಯೂ ರೋಗ ಹೇಳಬಹುದು. ಕಪ್ಪು ಹೊಗೆಯಾದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗು, ವಾಲ್ವ್ ಸೀಲುಗಳತ್ತ ಗಮನ ಹರಿಸಬೇಕು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಅರೆಬೆಂದು ಹೋಗುತ್ತಿದೆ, ಇಲ್ಲವೇ ರೇಡಿಯೇಟರಿನ ನೀರು ಒಳಗೆ ಸೇರುತ್ತಿದೆ. ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿಕೊಂಡ ಗಾಡಿ ಕೆಲವು ದಿನ ಎಳೆದೀತು. ಆದರೆ ಹೊಗೆಯ ಶಾಖ ಏರಿ ಪಿಸ್ಟನ್, ವಾಲ್ವು, ಟರ್ಬೋಗಳ ಆಯುಸ್ಸು ಇಳಿಯುತ್ತದೆ. ಆ ಕಪ್ಪು ಹೊಗೆ ಕುಡಿಯುವವರಾದರೂ ಯಾರು? ಬೆಳಿಗ್ಗೆ ಬಸ್ಸಿಗೆ ಕಾದು ನಿಂತ ಶಾಲೆಯ ಮಕ್ಕಳು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ.

ಗಾಳಿಯ ನಂತರ ನಾಝಲ್‌ಗಳ ಸರದಿ. ಪಂಪು–ನಾಝಲ್ ಅಂಗಡಿಯಲ್ಲಿ ಹಳೆಯ ಮಾದರಿಯ ನಾಝಲ್ ಪರೀಕ್ಷಿಸುವುದನ್ನು ವಿದ್ಯಾರ್ಥಿಗಳು ಒಮ್ಮೆಯಾದರೂ ನೋಡಬೇಕು. ಕೈಪಂಪು ಒತ್ತಿ, ವಾಯುಮಂಡಲದ ಒತ್ತಡದ ಇನ್ನೂರು ಪಟ್ಟಿನ ಆಸುಪಾಸಿಗೆ ಏರಿಸಿದಾಗ ಒಳ್ಳೆಯ ನಾಝಲ್ ಮಂಜಿನಂತೆ ಸಿಂಪಡಿಸುತ್ತದೆ, ಕೆಟ್ಟದ್ದು ನಲ್ಲಿಯಂತೆ ಸೋರುತ್ತದೆ. ಹನಿ ಸಣ್ಣದಾದಷ್ಟೂ ಗಾಳಿಗೆ ತಾಗುವ ಮೈ ಹೆಚ್ಚು, ಉರಿಯುವುದು ಬೇಗ. ದೂರದಿಂದಲೇ ನೋಡಬೇಕು, ಆ ಧಾರೆ ಚರ್ಮವನ್ನೂ ತೂರಿ ಒಳಹೋಗುತ್ತದೆ. ಇದರೊಂದಿಗೆ ಟ್ಯಾಪೆಟ್ ಅಂತರ ಸರಿಪಡಿಸುವುದು, ಡೀಸೆಲ್ ಫಿಲ್ಟರಿನ ತಳದ ನೀರು ಬಿಡುವುದು, ಆಯಿಲ್ಲನ್ನು ಹೊತ್ತಿಗೆ ಬದಲಾಯಿಸುವುದು ಸೇರಿದರೆ ಹಳೆಯ ಗಾಡಿಗೆ ಬೇಕಾದ 'ಅಭಿವೃದ್ಧಿ'ಯ ಬಹುಪಾಲು ಮುಗಿಯಿತು. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ಮಾತ್ರ ಬಿಡಬೇಕು. ಸ್ನಾನದ ಹಂಡೆಯಲ್ಲಿ ಕಟ್ಟುವ ಸುಣ್ಣವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ಇಷ್ಟಾದರೂ ಹೊರೆ ಹೊರೆಯೇ. ಒಂದು ಲೀಟರ್ ಹಾಲಿನ ತೂಕ ಸುಮಾರು 1.03 ಕಿಲೋ. ನಲವತ್ತು ಲೀಟರಿನ 25 ಕ್ಯಾನು ಏರಿಸಿದರೆ ಹಾಲೇ 1,030 ಕಿಲೋ. ಕ್ಯಾನಿನ ತೂಕ ಬೇರೆ. ಕಮಾನು ಪಟ್ಟಿ ಒಂದೆರಡು ಹೆಚ್ಚಿಗೆ ಸೇರಿಸಿ, ಇನ್ನೂ ಹೇರಬಹುದು ಎಂದುಕೊಳ್ಳುವವರಿದ್ದಾರೆ. ಪಟ್ಟಿ ತಾಳಬಹುದು, ಬ್ರೇಕು, ಟೈರು, ಕ್ಲಚ್ಚು ಬೆಳೆದಿರುವುದಿಲ್ಲ. ಗಾಡಿಯನ್ನು ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯೂ ಒಪ್ಪುವುದಿಲ್ಲ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷವರ್ಷವೂ ಎಫ್‌ಸಿ ಆಗಬೇಕು.

ಗಾಡಿಯ ನಿಜವಾದ ಪರೀಕ್ಷೆ ಕುದೇರಿನಲ್ಲಲ್ಲ, ಅದು ಊರು ಬಿಟ್ಟ ಮೇಲೆ. ಚಾಮರಾಜನಗರದಿಂದ ಗುಂಡ್ಲುಪೇಟೆಯ ರಸ್ತೆ ಹಿಡಿದರೆ ನಡುವೆ ತೆರಕಣಾಂಬಿಯ ತರಕಾರಿ ಮಾರುಕಟ್ಟೆ. ಅಲ್ಲಿಂದ ಕೇರಳಕ್ಕೆ ಹೊರಟ ಗಾಡಿಗಳು ಗುಂಡ್ಲುಪೇಟೆ ದಾಟಿ, ಮದ್ದೂರು ಚೆಕ್‌ಪೋಸ್ಟ್ ಹಾದು, ಬಂಡೀಪುರದ ಕಾಡಿನ ನಡುವೆ ಸುಲ್ತಾನ್ ಬತ್ತೇರಿಗೆ ಸಾಗಬೇಕು. 2009ರಿಂದ ಈ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿಷೇಧವಿದೆ. ಆನೆ, ಜಿಂಕೆಗಳ ಪಾಲಿಗೆ ಅದು ನ್ಯಾಯವೇ. ಆದರೆ ಫಿಲ್ಟರ್ ಕಟ್ಟಿ ದಾರಿಯಲ್ಲಿ ಅರ್ಧ ಗಂಟೆ ನಿಂತ ಗಾಡಿಯವನ ಮುಂದೆ ಗೇಟು ಬಿದ್ದರೆ ಟೊಮೆಟೊ, ಸೊಪ್ಪು ರಾತ್ರಿಯಿಡೀ ಅಲ್ಲೇ ಬಾಡಬೇಕು.

ವಯನಾಡು ದಾಟಿ ಕೋಳಿಕೋಡಿನತ್ತ ಹೋಗುವವರಿಗೆ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳು ಎದುರಾಗುತ್ತವೆ. ಮೂರು ಟನ್ ತೂಕದ ಗಾಡಿ 600 ಮೀಟರ್ ಇಳಿಯಿತೆನ್ನಿ. ಅದು ಕಳೆದುಕೊಳ್ಳುವ ಶಕ್ತಿ ಸುಮಾರು ಅರವತ್ತು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಸಾಕು. ಅಷ್ಟೂ ಶಾಖ ಬ್ರೇಕ್ ಡ್ರಮ್ಮಿಗೇ ಹೋದರೆ ಪೆಡಲ್ ಒತ್ತಿದರೂ ಹಿಡಿತ ಸಿಗದು. ಎರಡನೇ ಗೇರಿನಲ್ಲಿ ಇಳಿದರೆ ಬಹುಪಾಲನ್ನು ಎಂಜಿನ್ನೇ ತಡೆದುಕೊಳ್ಳುತ್ತದೆ, ಅದೂ ಬಿಡಿಗಾಸಿನ ಖರ್ಚಿಲ್ಲದೆ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಜಾಣತನ ಇಲ್ಲಿ ಪ್ರಾಣಕ್ಕೇ ಸಂಚಕಾರ.

ಇಂಥ ಗಾಡಿಯಿರುವ ಮನೆಯ ಮಕ್ಕಳಲ್ಲಿ ಯಾರಿಗಾದರೂ ಸ್ಪ್ಯಾನರಿನ ಮೇಲೆ ಆಸೆಯಿದ್ದರೆ ಹೆತ್ತವರು ಗದರಬೇಕಾಗಿಲ್ಲ. ಐಟಿಐಗಳಲ್ಲಿ ಮೆಕ್ಯಾನಿಕ್ ಡೀಸೆಲ್ ಎಂಬ ಒಂದು ವರ್ಷದ ತರಬೇತಿಯಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಸೇರಬಹುದು. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಅಪ್ಪ ಏರ್ ಫಿಲ್ಟರ್ ಬಿಚ್ಚುವಾಗ ಪಕ್ಕದಲ್ಲಿ ನಿಂತರೂ ಆದೀತು.