ಹಿಂದಿನ ಪಾಠ

ನಮ್ಮ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. 2010ರಲ್ಲಿ ಮಗ ಕಾಲೇಜು ಸೇರುವಾಗ ಕೊಂಡದ್ದು. ಅವನು ಓದು ಮುಗಿಸಿ ಬೆಂಗಳೂರಿಗೆ ನೌಕರಿಗೆ ಹೋದ ಮೇಲೆ ಅವನ ಸ್ವೆಟರು ಅವರಪ್ಪನ ಪಾಲಿಗೆ ಬಂತು, ಕಂಪ್ಯೂಟರ್ ನನ್ನ ಪಾಲಿಗೆ ಬಂತು. ನಾನು ಗದಗ ಜಿಲ್ಲೆಯ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಪ್ರಶ್ನೆಪತ್ರಿಕೆ, ಪಾಠಯೋಜನೆ, ಗ್ಯಾದರಿಂಗಿನ ನಾಟಕ ಎಲ್ಲವನ್ನೂ ನುಡಿಯಲ್ಲಿ ಟೈಪು ಮಾಡುತ್ತ ಅದರೊಂದಿಗೆ ನನ್ನ ಸಂಸಾರ ಸುಸೂತ್ರವಾಗಿ ಸಾಗಿತ್ತು.

2019ರ ದಸರೆಯ ಹೊತ್ತಿಗೆ ಅದಕ್ಕೆ ಮುಪ್ಪು ಆವರಿಸಿತು. ಬೆಳಿಗ್ಗೆ ಗುಂಡಿ ಒತ್ತಿ ಒಲೆಯ ಮೇಲೆ ಅನ್ನಕ್ಕಿಟ್ಟರೆ, ಅನ್ನ ಆಗಿ ಸಾರು ಕುದ್ದರೂ ಪರದೆಯ ಮೇಲೆ ಬೆಳಕು ಮೂಡುತ್ತಿರಲಿಲ್ಲ. ಪೇಟೆಯ ಅಂಗಡಿಯ ಹುಡುಗ ನೋಡಿ, "ಮೇಡಮ್ಮರ, ಎಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕ್ರಿ" ಎಂದ. ಕೊಂಡಾಗ ಬಂದಿದ್ದ ವಿಂಡೋಸ್ 7ರ ಡಿಸ್ಕು ಟ್ರಂಕಿನಲ್ಲಿ ಭದ್ರವಾಗಿತ್ತು. ನನ್ನ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಡಿಸ್ಕನ್ನು ಅವನ ಕೈಗಿಟ್ಟೆ. ಮರುದಿನ ಕಂಪ್ಯೂಟರ್ ಸಾರಿಸಿದ ಅಂಗಳದ ಹಾಗೆ ಸ್ವಚ್ಛವಾಗಿ ಮನೆಗೆ ಬಂತು. "ಇನ್ನ ಅಪ್‌ಡೇಟ್ ತಾವ ಬರ್ತಾವ್ರಿ" ಎಂದು ಹೇಳಿ ಹುಡುಗ ಹೋದ.

ಅಪ್‌ಡೇಟ್ ಎಂದರೆ ಏನು ಎಂದು ಕೇಳುವ ನನ್ನಂಥ ಅಕ್ಕತಂಗಿಯರಿಗಾಗಿ ಒಂದು ಮಾತು. ಅದು ಕೌದಿಗೆ ಹಾಕುವ ತೇಪೆ. ಕೌದಿ ಹೊಲಿದು ಕೊಟ್ಟ ಮೇಲೂ ಅಲ್ಲಲ್ಲಿ ಹರಕು ಕಾಣುತ್ತದೆ, ಆ ಹರಕಿನೊಳಗಿಂದ ಕಳ್ಳರು ಕೈ ಹಾಕುತ್ತಾರೆ. ಅದಕ್ಕೆ ವಿಂಡೋಸ್ ಮಾಡಿದವರು ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆ ಕಳಿಸುತ್ತಾರೆ. ಹಳೆಯ ಡಿಸ್ಕಿನಿಂದ ಮತ್ತೆ ವಿಂಡೋಸ್ ಹಾಕಿದಾಗ ಒಂಬತ್ತು ವರ್ಷ ಹಚ್ಚಿದ ತೇಪೆಗಳೆಲ್ಲ ಹೋಗಿಬಿಡುತ್ತವೆ. ಕೌದಿ ಅಂಗಡಿಯಿಂದ ಬಂದ ದಿನದಂತೆ ಹೊಸದು, ಅಂದಿನ ಹರಕುಗಳ ಸಮೇತ.

ಆ ರಜೆಯಲ್ಲಿ ನನ್ನ ಮನಸ್ಸು ಬೇರೆ ಕಾರಣಕ್ಕೆ ಸರಿ ಇರಲಿಲ್ಲ. ನಮ್ಮ ಎಂಟನೆಯ ತರಗತಿಯ ಒಬ್ಬ ಹುಡುಗಿ ಶಾಲೆ ಬಿಟ್ಟು ಎರಡು ವಾರ ಆಗಿತ್ತು. ಬಿಟ್ಟದ್ದು ನನ್ನ ಒಂದು ಮಾತಿನಿಂದ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಂಪ್ಯೂಟರಿನಲ್ಲಿ ತಲೆ ಹುದುಗಿಸಿದರೆ ಮರೆತೀತು ಎಂದುಕೊಂಡು ಅಪ್‌ಡೇಟಿಗೆ ಕುಳಿತೆ.

ಹಸಿರು ಪಟ್ಟಿ ಸ್ವಲ್ಪ ಓಡಿತು. ಆಮೇಲೆ ಕೆಂಪು ಗುರುತು ಬಂತು, ಕೆಳಗೆ 80072ಎಫ್8ಎಫ್ ಎಂಬ ಸಂಖ್ಯೆ. ಮತ್ತೆ ಒತ್ತಿದೆ, ಮತ್ತೆ ಅದೇ. ಮಗನಿಗೆ ಫೋನು ಮಾಡಿದೆ.

"ಅವ್ವಾ, ಮೊದಲ ಕೆಳಗ ಮೂಲ್ಯಾಗಿನ ತಾರೀಖು ಓದು."

"ಒಂದು ಜನವರಿ, ಎರಡು ಸಾವಿರದ ಹತ್ತು."

"ಹಂಗಾದ್ರ ನಾ ಇನ್ನೂ ಪಿಯುಸಿ ಓದಾಕತ್ತೀನಿ" ಎಂದು ನಕ್ಕ.

ಕಂಪ್ಯೂಟರಿನ ಹೊಟ್ಟೆಯೊಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದಂತೆ. ಸಿಆರ್ 2032 ಎಂದು ಅದರ ಹೆಸರು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಅದೇ ಅಳತೆಯೇ ಹೆಸರು. ಕರೆಂಟು ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಸತ್ತಿತ್ತು. ನಾನೋ ಗುಡುಗು ಮಿಂಚಿಗೆ ಹೆದರಿ ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸುವವಳು. ಹಾಗೆ ಆರಿಸಿದಾಗಲೆಲ್ಲ ಪಾಪ, ಅದು ತನ್ನ ಮೊದಲ ದಿನಕ್ಕೆ ಮರಳುತ್ತಿತ್ತು. ಅಪ್‌ಡೇಟ್ ಕಳಿಸುವ ಕಡೆಯಿಂದ ಮೊದಲು ಒಂದು ಗುರುತಿನ ಪತ್ರ ಬರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. 2010ರಲ್ಲಿ ಕುಳಿತ ಯಂತ್ರಕ್ಕೆ 2019ರ ಪತ್ರ ತೋರಿಸಿದರೆ, ಇನ್ನೂ ಹುಟ್ಟದ ಕೂಸಿನ ಜಾತಕ ತೋರಿಸಿದಂತೆ. ಅದು ನಂಬಲಿಲ್ಲ. ಅದರ ತಪ್ಪಾದರೂ ಏನು?

ಅಂಗಡಿಯ ಹುಡುಗ ಬಂದು ಸೆಲ್ ಬದಲಿಸಿದ. ತಾರೀಖು ಸರಿಯಾಯಿತು. ಕೆಂಪು ಗುರುತು ಹೋಯಿತು. ಆದರೆ ಅಪ್‌ಡೇಟ್ ಹುಡುಕುತ್ತಿದ್ದೇನೆ ಎಂದು ಹಸಿರು ಪಟ್ಟಿ ಗಾಣದ ಎತ್ತಿನಂತೆ ಸುತ್ತತೊಡಗಿತು. ಮಲಗುವಾಗ ಸುತ್ತುತ್ತಿತ್ತು, ನಸುಕಿನಲ್ಲಿ ಎದ್ದಾಗಲೂ ಸುತ್ತುತ್ತಿತ್ತು. "ನಿನ್ನ ಕಂಪ್ಯೂಟರಿಗೆ ಪ್ರದಕ್ಷಿಣಿ ಹರಕಿ ಐತೇನು?" ಎಂದು ನಮ್ಮವರು ಚಹಾ ಕುಡಿಯುತ್ತ ಕೇಳಿದರು.

ಮಗ ಮತ್ತೆ ಹೇಳಿದ: ಹುಡುಕುವ ಭಾಗವೇ ಹಳೆಯದು, ಅದಕ್ಕೆ ಹುಡುಕಲು ಬರುವುದಿಲ್ಲ, ಮುಖ್ಯವಾದ ಮೂರು ಕಡತಗಳನ್ನು ಕೈಯಿಂದಲೇ ಹಾಕಬೇಕು ಎಂದು. ಒಂದು ಚೀಟಿಯಲ್ಲಿ ಬರೆದುಕೊಂಡೆ. ಸರ್ವಿಸ್ ಪ್ಯಾಕ್ 1, ಕೆಬಿ 4490628, ಕೆಬಿ 4474419. ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದೆ. ಕೊನೆಯದೇ ಎಲ್ಲಕ್ಕಿಂತ ಮುಖ್ಯ ಎಂದು ಅವನು ಹೇಳಿದ್ದನಲ್ಲ, ಮೊದಲು ಅದನ್ನೇ ಹಾಕೋಣ ಎಂದು ಜಾಣತನ ಮಾಡಿದೆ. ಪರದೆಯ ಮೇಲೆ ಒಂದೇ ಒಂದು ಸಾಲು ಬಂತು. "ಈ ಅಪ್‌ಡೇಟ್ ನಿಮ್ಮ ಕಂಪ್ಯೂಟರಿಗೆ ಅನ್ವಯಿಸುವುದಿಲ್ಲ" ಎಂಬ ಅರ್ಥದ ಇಂಗ್ಲಿಷು.

ಕಡತದಲ್ಲಿ 32 ಬಿಟ್, 64 ಬಿಟ್ ಎಂದು ಎರಡು ಜಾತಿ, ತಪ್ಪಿ ಬೇರೆ ಜಾತಿಯದು ತಂದರೂ ಇದೇ ಉತ್ತರ ಬರುತ್ತದೆ. ಅದನ್ನು ನೋಡಿದೆ, ಸರಿಯಾಗಿಯೇ ಇತ್ತು. ನನ್ನ ಸಿಟ್ಟು ನೆತ್ತಿಗೇರಿತು. ಮಗನಿಗೆ ಹೇಳಿದೆ, "ಇದು ನನಗ ಸಂಬಂಧನ ಇಲ್ಲ ಅಂತೈತಿ. ಇದಕ್ಕ ಆಗೂದಿಲ್ಲ ಬಿಡು, ಗುಜರಿಗೆ ಹಾಕೂಣು."

ಅವನು ಸಮಾಧಾನದಿಂದ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ಅವ್ವಾ, ಸಂಬಂಧ ಇಲ್ಲ ಅಂದ್ರ ಅದರ ಅರ್ಥ ಹಂಗಲ್ಲ. ಇದರ ಹಿಂದಿಂದು ಇನ್ನೂ ಬಂದಿಲ್ಲ ಅಂತ. ಯಂತ್ರಕ್ಕ ಅದನ್ನ ಬಿಡಿಸಿ ಹೇಳಾಕ ಬರೂದಿಲ್ಲ, ಅಷ್ಟ."

ನಾನು ಫೋನು ಕೆಳಗಿಟ್ಟು ಸುಮ್ಮನೆ ಕುಳಿತೆ.

ಈಗ ಆ ಹುಡುಗಿಯ ವಿಷಯ ಹೇಳಬೇಕು. ಅವಳ ತಂದೆ ತಾಯಿ ಗೋವಾಕ್ಕೆ ಗುಳೆ ಹೋಗುವವರು, ಕಟ್ಟಡದ ಕೆಲಸಕ್ಕೆ. ಮೂರನೆಯ ತರಗತಿಯ ನಡುವೆ ಅವರೊಂದಿಗೆ ಹೋದ ಹುಡುಗಿ ಅಲ್ಲಿ ತಮ್ಮನನ್ನು ಎತ್ತಿಕೊಂಡು ಮರಳಿನ ರಾಶಿಯ ಮೇಲೆ ನಾಲ್ಕು ವರ್ಷ ಕಳೆದಳು. ಆ ಜೂನ್‌ನಲ್ಲಿ ಅಜ್ಜಿಯ ಮನೆಗೆ ಬಂದಾಗ ವಯಸ್ಸು ಹದಿಮೂರು. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ, ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದಿದೆ. ಹಾಗೆ ಎಂಟಕ್ಕೆ ಸೇರಿಸಿಕೊಂಡೆವು. ತಪ್ಪಿಹೋದ ಪಾಠಗಳಿಗಾಗಿ ವಿಶೇಷ ತರಬೇತಿ ಪಡೆಯುವ ಹಕ್ಕೂ ಆ ಮಗುವಿಗಿದೆ ಎಂದು ಅದೇ ಕಾಯಿದೆ ಹೇಳುತ್ತದೆ. ಮೊದಲಿನದು ಹಾಜರಿ ಪುಸ್ತಕದಲ್ಲಿ ನಡೆಯಿತು, ಎರಡನೆಯದು ನನ್ನ ಕೈಯಲ್ಲಿ ನಡೆಯಲಿಲ್ಲ.

ಒಂದು ದಿನ ಅವಳಿಗೆ ಗದ್ಯ ಓದಲು ಹೇಳಿದೆ. "ವಿದ್ಯಾರ್ಥಿ" ಎಂಬಲ್ಲಿ ನಿಂತಳು. "ವಿ... ದಾ... ಥಿ" ಎಂದಳು. ಕಾಗುಣಿತ ಬರುತ್ತಿತ್ತು, ಒತ್ತಕ್ಷರ ಬರುತ್ತಿರಲಿಲ್ಲ. ಅರ್ಕಾವೊತ್ತಂತೂ ಕಂಡವರೇ ತಡವರಿಸುವಂಥದು, ಬರೆಯುವುದು ಅಕ್ಷರದ ಆಚೆ, ಓದುವುದು ಅಕ್ಷರಕ್ಕಿಂತ ಮೊದಲು. ಮಕ್ಕಳು ನಕ್ಕವು. ಪಾಠ ಮುಗಿಯದ ಅವಸರದಲ್ಲಿದ್ದ ನಾನು, "ಎಂಟನೆತ್ತೆ ನಿನಗ ಆಗೂದಲ್ಲವಾ, ಹೋಗಿ ಮೂರನೆತ್ತೆದಾಗ ಕೂಡು" ಎಂದುಬಿಟ್ಟೆ. ಮಕ್ಕಳು ಇನ್ನೂ ಜೋರಾಗಿ ನಕ್ಕವು. ಅವಳು ಪುಸ್ತಕ ಮುಚ್ಚಿ ಕುಳಿತಳು. ಮರುದಿನ ಬರಲಿಲ್ಲ.

ಯಂತ್ರಕ್ಕೆ ಬಿಡಿಸಿ ಹೇಳಲು ಬರುವುದಿಲ್ಲ, ಸರಿ. ಮೂವತ್ತು ವರ್ಷ ಹತ್ತಿರ ಬಂದ ಕನ್ನಡ ಶಿಕ್ಷಕಿಗೆ ಏನಾಗಿತ್ತು?

ಮರುದಿನ ಬೆಳಿಗ್ಗೆ ಚೀಟಿ ಹಿಡಿದು ಕ್ರಮವಾಗಿ ಕುಳಿತೆ. ಮೊದಲು ಸರ್ವಿಸ್ ಪ್ಯಾಕ್ 1. ಅದು 2011ರಲ್ಲಿ ಬಂದದ್ದು, ನನ್ನ ಡಿಸ್ಕು ಅದಕ್ಕಿಂತ ಹಿಂದಿನದು. ಅದು ಹೋಗಿ ಕೂರಲು ಒಂದು ತಾಸಿನ ಮೇಲೆ ಹಿಡಿಯಿತು. ಕಂಪ್ಯೂಟರ್ ಆರಿಸಬೇಡಿ ಎಂದು ಪರದೆ ಹೇಳುತ್ತಿದ್ದರೆ, ಕರೆಂಟು ತೆಗೆಯಬೇಡಪ್ಪಾ ಎಂದು ನಾನು ಮನೆದೇವರಿಗೆ ಹೇಳುತ್ತಿದ್ದೆ. ಆಮೇಲೆ 4490628. ಇದು ತೇಪೆ ಹಚ್ಚುವ ಸೂಜಿಯನ್ನೇ ಸರಿಮಾಡುವ ತೇಪೆ. ಮತ್ತೆ ಆರಿಸಿ ಹೊತ್ತಿಸಿ 4474419. ನಿನ್ನೆ ಸಂಬಂಧ ಇಲ್ಲ ಎಂದಿದ್ದ ಅದೇ ಕಡತ ಈ ಸಲ ಮರುಮಾತಿಲ್ಲದೆ ಕುಳಿತಿತು.

ಈ ಮೂರನೆಯದು ಏಕೆ ಬೇಕು ಎಂಬುದನ್ನು ನಮ್ಮವರಿಗೆ ಹೇಳಿದಾಗ ಅವರಿಗೆ ತಟ್ಟನೆ ತಿಳಿಯಿತು, ಬ್ಯಾಂಕಿನಲ್ಲಿ ದುಡಿದವರಲ್ಲವೇ. ಅಪ್‌ಡೇಟ್ ನಿಜವಾದದ್ದು ಎಂದು ತೋರಿಸಲು ಅದಕ್ಕೊಂದು ಸಹಿ ಇರುತ್ತದೆ. ಹಿಂದೆ ಆ ಸಹಿ ಎಸ್‌ಎಚ್‌ಎ-1 ಎಂಬ ಲೆಕ್ಕದ ಮೇಲೆ ನಿಂತಿತ್ತು. 2017ರ ಫೆಬ್ರವರಿಯಲ್ಲಿ ಗೂಗಲ್‌ನವರೂ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯವರೂ ಸೇರಿ, ಎರಡು ಬೇರೆ ಬೇರೆ ಕಡತಗಳಿಗೆ ಆ ಲೆಕ್ಕದಿಂದ ಒಂದೇ ಉತ್ತರ ಬರುವಂತೆ ಮಾಡಿ ತೋರಿಸಿದರು. ಹಾಗಿದ್ದರೆ ಕಳ್ಳ ಸಹಿಯೂ ಸಾಧ್ಯ ಎಂದಾಯಿತು. ಆದ್ದರಿಂದ 2019ರಲ್ಲಿ ಅಪ್‌ಡೇಟುಗಳೆಲ್ಲ ಎಸ್‌ಎಚ್‌ಎ-2 ಎಂಬ ಗಟ್ಟಿ ಸಹಿಗೆ ಬದಲಾದವು. ಹಳೆಯ ಡಿಸ್ಕಿನ ವಿಂಡೋಸಿಗೆ ಆ ಹೊಸ ಸಹಿಯ ಪರಿಚಯವಿಲ್ಲ.

"ಸಾಲಿಗೆ ಹೊಸ ಹೆಡ್‌ಮಾಸ್ತರು ಬಂದಂಗ" ಎಂದರು ನಮ್ಮವರು. "ಅವರ ಮಾದರಿ ಸಹಿ ಬ್ಯಾಂಕಿಗೆ ಬರೂತನಕ ನಾವು ಚೆಕ್ ಪಾಸ್ ಮಾಡತಿರಲಿಲ್ಲ. ಆ ಮಾದರಿ ಸಹಿ ತರೂ ಪತ್ರಕ್ಕ ಹಳೇ ಗುರುತಿನವರ ಸಹಿ ಬೇಕು." 4474419 ಎಂಬುದು ಆ ಪತ್ರವೇ. ನೋಡಿ, ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅವರ ಕೆಲಸದ ಸೊಗಸು ನನಗೆ ಗೊತ್ತಾದದ್ದು ಅಂದು.

ಮುಂದೆ ಹಸಿರು ಪಟ್ಟಿ ಸುತ್ತಲಿಲ್ಲ. ನೂರರ ಮೇಲೆ ತೇಪೆಗಳು ಸಾಲಾಗಿ ಬಂದವು. ಮೂರು ದಿನ ಹಿಡಿಯಿತು. ನಡುನಡುವೆ ಒಂದೆರಡು ಸೋತವು. ಈಗ ನಾನು ರೇಗಲಿಲ್ಲ. ಉಳಿದವು ಕುಳಿತ ಮೇಲೆ ಮತ್ತೆ ಕೇಳಿದೆ, ಅವೂ ಕುಳಿತವು.

ಅದು ನಡೆದಿರುವಾಗಲೇ ಒಂದು ಮಧ್ಯಾಹ್ನ ಬಸ್ಸು ಹತ್ತಿ ಹಳ್ಳಿಗೆ ಹೋದೆ. ಹುಡುಗಿ ಉಳ್ಳಾಗಡ್ಡಿ ಕೊಯ್ಯುವ ಕೂಲಿಗೆ ಹೋಗಿದ್ದಳು. ದೀಪಾವಳಿ ಮುಗಿದ ಕೂಡಲೇ ಗೋವಾಕ್ಕೆ ಹೊರಡುವವಳಿದ್ದಳು. ಅಜ್ಜಿ ನೀರು ಕೊಟ್ಟು, "ಆಕಿಗೆ ಸಾಲಿ ಹತ್ತಂಗಿಲ್ರಿ ಅಕ್ಕೋರ" ಎಂದಳು. ಸಂಜೆಯವರೆಗೆ ಕಾಯ್ದೆ. ಹುಡುಗಿ ಬಂದು ಬಾಗಿಲ ಮರೆಯಲ್ಲಿ ನಿಂತಳು.

"ಸಾಲಿ ಹತ್ತಂಗಿಲ್ಲ ಅಂತಲ್ಲವಾ. ನಡುವಿನ ಪಾಠ ನಿನಗ ಯಾರೂ ಹೇಳಿಲ್ಲ. ಅವತ್ತ ನಾ ಹಂಗ ಅಂದದ್ದು ತಪ್ಪಾತು" ಎಂದೆ. ಅವಳು ಏನೂ ಅನ್ನಲಿಲ್ಲ. ಉಳ್ಳಾಗಡ್ಡಿಯ ಘಾಟಿಗೋ ಏನೋ, ಕೈ ಹಿಂಭಾಗದಿಂದ ಕಣ್ಣು ಒರೆಸಿಕೊಂಡಳು. ಅಜ್ಜಿಯೇ, "ಹೋಗಲಿ ತಗೋರಿ, ಈ ವರ್ಷ ನನ್ನ ಕೂಡ ಇರಲಿ" ಎಂದಳು.

ರಜೆ ಮುಗಿದ ಮೇಲೆ ದಿನಾ ಪ್ರಾರ್ಥನೆಗೆ ಮೊದಲು ಅರ್ಧ ತಾಸು ಅವಳೊಂದಿಗೆ ಕುಳಿತೆ. ಮೊದಲು ಅಕ್ಕ, ಅಪ್ಪ, ಅಮ್ಮ ಎಂದು ಸಜಾತಿ ಒತ್ತು, ಆಮೇಲೆ ವಿಜಾತಿ ಒತ್ತು, ಕೊನೆಗೆ ಅರ್ಕಾವೊತ್ತು. ಒಂದೂ ಬಿಡಲಿಲ್ಲ, ಒಂದನ್ನೂ ಹಾರಿಸಲಿಲ್ಲ. ಫೆಬ್ರವರಿಯ ಹೊತ್ತಿಗೆ ನೋಟೀಸು ಬೋರ್ಡು ಓದತೊಡಗಿದಳು. ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗಳೇ ಮುಚ್ಚಿದವು. 2020ರ ಆಗಸ್ಟಿನಲ್ಲಿ ವಿದ್ಯಾಗಮ ಎಂದು ಸರಕಾರ ನಮ್ಮನ್ನು ಓಣಿಗಳಿಗೆ ಕಳಿಸಿತು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂರಿಸಿ ಮತ್ತೆ ಕಲಿಸಿದೆ. ಆಗ ಅವಳು ಸಣ್ಣ ಮಕ್ಕಳಿಗೆ ಒತ್ತಕ್ಷರ ತಿದ್ದಿಸುತ್ತಿದ್ದಳು. 2022ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಗಣಿತದಲ್ಲಿ ಅಂಚಿನ ಮೇಲೆ, ಕನ್ನಡದಲ್ಲಿ ಚೆನ್ನಾಗಿಯೇ.

ಕಂಪ್ಯೂಟರಿನ ಕತೆ ಅಷ್ಟು ಸುಖವಾಗಿ ಮುಗಿಯಲಿಲ್ಲ. ನಾನು ಬೆವರು ಸುರಿಸಿ ಸರಿಪಡಿಸಿದ ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಎಲ್ಲರಿಗೂ ಬರುವ ತೇಪೆ ನಿಂತಿತು. ಮಗ ಮೊದಲೇ ಹೇಳಿದ್ದ, ಹಳೆಯ ಪ್ರಿಂಟರು ಹೊಸದರ ಜೊತೆ ಬಾಳುವುದಿಲ್ಲ ಎಂದು ಹಟ ಹಿಡಿದವಳು ನಾನೇ. ಆಮೇಲೆ ಕೊಂಡ ಕಂಪ್ಯೂಟರಿನ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಆ ದಿನ ಬಂತು. ತೇಪೆ ಹಚ್ಚುವುದಕ್ಕೂ ಒಂದು ಕಾಲ, ಬಿಡುವುದಕ್ಕೂ ಒಂದು ಕಾಲ.

ಆ ಚೀಟಿ ಮಾತ್ರ ಕಪಾಟಿನ ಬಾಗಿಲ ಒಳಗೆ ಅಂಟಿಸಿಯೇ ಇದೆ. ತಾರೀಖು ನೋಡು, ಜಾತಿ ನೋಡು, ಹಿಂದಿನದು ಬಂದಿದೆಯೋ ನೋಡು, ಆಮೇಲೆ ಮುಂದಿನದು. ಜೂನ್ ತಿಂಗಳಲ್ಲಿ ಹೊಸ ಹಾಜರಿ ಪುಸ್ತಕ ತೆಗೆಯಲು ಕಪಾಟು ತೆರೆದಾಗ ಒಮ್ಮೆ ಓದಿಕೊಳ್ಳುತ್ತೇನೆ. ಜಾತಿ ಎಂಬಲ್ಲಿ ಮಾತ್ರ 32, 64 ಎಂದು ಪಕ್ಕದಲ್ಲಿ ಬರೆದಿದ್ದೇನೆ, ನೋಡಿದವರು ತಪ್ಪು ತಿಳಿಯಬಾರದಲ್ಲ.