ಕೈಯ ಮಸೂರ, ಕಣ್ಣ ಮಸೂರ

ಗದಗಿಗೆ ಸಮೀಪವಾದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವಿರುವುದು. ಕಳೆದ ಮಾಘಮಾಸದಲ್ಲಿ ನಾವು ವೃದ್ಧರಾದ ತಂದೆಯವರೊಡನೆ ಅಲ್ಲಿಗೆ ಹೋಗಿದ್ದೆವು. ಒಳಗಿನ ಮಬ್ಬಿನಲ್ಲಿ ಚತುರ್ಮುಖ ಬ್ರಹ್ಮನ ಮೊಗವನ್ನು ಅವರಿಗೆ ತೋರಿಸಬೇಕೆಂದು ಬ್ಯಾಟರಿಯನ್ನು ಹೊತ್ತಿಸಿದೆವು. ಅದರ ಮುಂದಿನ ಮಸೂರವನ್ನು ಹಿಂದೆ ಮುಂದೆ ಸರಿಸಬಹುದು. ಮಸೂರವು ದೀಪಕ್ಕೆ ಹತ್ತಿರವಿದ್ದರೆ ಬೆಳಕು ಹರಡುವುದು. ದೂರ ಸರಿದು ನಾಭಿದೂರಕ್ಕೆ ಬಂದರೆ ಕಿರಣಗಳು ಚದರದೆ ಸಣ್ಣ ಗುರಿಯ ಮೇಲೆಯೇ ಬೀಳುವುವು.

ಬೆಳಕನ್ನು ಕೂಡಿಸಿದಷ್ಟೂ ಆ ಮೊಗವು ನಮಗೆ ಸ್ಫುಟವಾಗುತ್ತ ಬಂದಿತು. ತಂದೆಯವರು ಮಾತ್ರ, “ಬ್ಯಾಡಪ್ಪಾ, ಕಣ್ಣು ಕುಕ್ಕತೈತಿ” ಎಂದು ಮುಖವನ್ನು ತಿರುಗಿಸಿದರು. ಬೆಳಕನ್ನು ಹರಡಿ ಓರೆಯಾಗಿ ಬಿಟ್ಟೆವು. “ಎಲ್ಲಾ ಮಂಜು ಮಂಜು” ಎಂದರು.

ದೋಷವು ನಮ್ಮ ಕೈಯ ಮಸೂರದ್ದಾಗಿರಲಿಲ್ಲ. ಅವರ ಕಣ್ಣೊಳಗಿನ ಮಸೂರವೇ ಪೊರೆಗಟ್ಟಿ, ಬಂದ ಬೆಳಕನ್ನು ಒಂದೆಡೆ ಕೂಡಿಸದೆ ಚೆದರಿಸುತ್ತಿದ್ದಿತು. ಒಂದು ವರ್ಷದಿಂದ ಅವರು ಪುಸ್ತಕವನ್ನು ಮುಟ್ಟದಿದ್ದುದನ್ನು ಮುಪ್ಪಿನ ಬೇಸರವೆಂದು ನಾವು ತಿಳಿದಿದ್ದೆವಲ್ಲ! ನಾಚಿಕೆಯಾಯಿತು. ಮರುವಾರವೇ ಅವರನ್ನು ನೇತ್ರವೈದ್ಯರ ಬಳಿಗೆ ಕರೆದೊಯ್ದೆವು. ಶಸ್ತ್ರಚಿಕಿತ್ಸೆಯಿಂದ ಮಬ್ಬಾದ ಮಸೂರವನ್ನು ತೆಗೆದು ಹೊಸದನ್ನು ಕೂಡಿಸಿದರು.

ವಾಚಕರೆ, ಮನೆಯ ಹಿರಿಯರು ದೀಪವನ್ನು ಕಂಡು ಕಣ್ಣು ಮುಚ್ಚಿದರೆ, ದೀಪವನ್ನು ದೊಡ್ಡದು ಮಾಡುವ ಮೊದಲು ಅವರ ಕಣ್ಣನ್ನು ತೋರಿಸಿರಿ.