ಹಡಗಿನಿಂದ ಇಳಿದವರ ನಾಟಕ

"ತಾತನಿಗೆ ನಾಟಕದ ಮಧ್ಯೆ ನಿದ್ದೆ ಬಂದುಬಿಡುತ್ತೆ" ಎಂದು ಮೊಮ್ಮಗಳು ಅವಳಮ್ಮನಿಗೆ ಮೊದಲೇ ಹೇಳಿಟ್ಟಿದ್ದಳು. 2024ರ ಮಾರ್ಚಿನಲ್ಲಿ ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದೆ. ಒಂದು ಶನಿವಾರ ಮೂವರೂ ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನ ಥಿಯೇಟರ್ ರಾಯಲ್‌ಗೆ ಹೋದೆವು. 1884ರಲ್ಲಿ ಆರಂಭವಾದ ರಂಗಮಂದಿರ. ನಾಟಕದ ಹೆಸರು 'ದಿ ಬಿಗ್ ಲೈಫ್'. ನಿದ್ದೆ ಹತ್ತಿರವೂ ಸುಳಿಯಲಿಲ್ಲ.

ಕಥೆಯ ಹಿಂದೆ ಒಂದು ನಿಜವಾದ ಹಡಗಿದೆ. 1948ರ ಜೂನ್ 22ರಂದು 'ಎಂಪೈರ್ ವಿಂಡ್‌ರಶ್' ಹಡಗಿನಿಂದ ನೂರಾರು ಜನ ಇಂಗ್ಲೆಂಡಿನ ಟಿಲ್ಬರಿ ಬಂದರಿನಲ್ಲಿ ಇಳಿದರು. ಅವರಲ್ಲಿ ಹೆಚ್ಚಿನವರು ಜಮೈಕಾ, ಟ್ರಿನಿಡಾಡ್ ಮೊದಲಾದ ಕೆರಿಬಿಯನ್ ದ್ವೀಪಗಳವರು. ಆ ದ್ವೀಪಗಳೂ ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದವು. ಯುದ್ಧದಿಂದ ಬಳಲಿದ್ದ ಬ್ರಿಟನ್ನಿಗೆ ದುಡಿಯುವ ಕೈಗಳು ಬೇಕಿದ್ದವು. ಮುಂದಿನ ವರ್ಷಗಳಲ್ಲಿ ಸಾವಿರಾರು ಜನ ಹೀಗೆ ಬಂದು ದಾದಿಯರಾದರು, ಬಸ್ಸು ರೈಲುಗಳಲ್ಲಿ ಕೆಲಸಕ್ಕೆ ಸೇರಿದರು.

ಅಂಥ ಪ್ರಯಾಣದಲ್ಲಿ ನಾಲ್ವರು ಯುವಕರು ಒಂದು ಶಪಥ ಮಾಡುತ್ತಾರೆ: ಮೂರು ವರ್ಷ ದುಡಿಮೆ ಮಾತ್ರ, ಹೆಣ್ಣುಮಕ್ಕಳ ಕಡೆ ತಿರುಗಿಯೂ ನೋಡುವುದಿಲ್ಲ! ಷೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ ರಾಜನೂ ಅವನ ಮೂವರು ಗೆಳೆಯರೂ ಓದಿಗಾಗಿ ಇಂಥದೇ ಶಪಥ ಮಾಡುತ್ತಾರೆ. ಅದನ್ನೇ ಪಾಲ್ ಸಿರೆಟ್ ವಲಸಿಗರ ಕಥೆಯಾಗಿಸಿದ್ದಾರೆ. ಪಾಲ್ ಜೋಸೆಫ್ ಅವರ ಸಂಗೀತ ಜಮೈಕಾದ 'ಸ್ಕಾ' ಶೈಲಿಯದು. ಅದರಲ್ಲಿ ಗಿಟಾರು ಪೆಟ್ಟು ಬೀಳುವ ಜಾಗ ಬಿಟ್ಟು, ಎರಡು ಪೆಟ್ಟುಗಳ ನಡುವೆ 'ಚಕ್ ಚಕ್' ಅನ್ನುತ್ತದೆ. ಕೈ ತಟ್ಟಲು ಹೋದ ನಾನು ಪ್ರತಿ ಸಲವೂ ತಾಳ ತಪ್ಪಿದೆ. ಮೊಮ್ಮಗಳು ತಪ್ಪಲಿಲ್ಲ.

ಪಕ್ಕದ ಮೇಲಿನ ಬಾಲ್ಕನಿಯಲ್ಲಿ ಕುಳಿತ ಮಿಸೆಸ್ ಆಫ್ರೊಡೈಟಿ ಎಂಬ ಹೆಂಗಸು ದೃಶ್ಯಗಳ ನಡುವೆ ನಮ್ಮೊಡನೆ ಹರಟುತ್ತಿದ್ದಳು. ಮೊಮ್ಮಗಳು ಆಕೆಯನ್ನು ನಿಜವಾದ ಪ್ರೇಕ್ಷಕಿ ಎಂದೇ ನಂಬಿದ್ದಳು. ನಗುವಿನ ನಡುವೆಯೇ ಚಳಿ, ಬಣ್ಣದ ಕಾರಣಕ್ಕೆ ಕೆಲಸ ಸಿಗದ ಸಂಕಟ ಎಲ್ಲವೂ ಬಂದುಹೋದವು. ಶಪಥ ಮುರಿಯಿತು. ಕೊನೆಗೆ ಎಲ್ಲರೂ ಕುಣಿದರು.

ಹಿಂದಿರುಗುವ ರೈಲಿನಲ್ಲಿ ಮೊಮ್ಮಗಳು ಕೇಳಿದಳು: "ಅವರೆಲ್ಲ ಆಮೇಲೆ ಚೆನ್ನಾಗಿದ್ದರಾ?"

ಮಗಳು ಸುಳ್ಳು ಹೇಳಲಿಲ್ಲ. ಆ ಕಾಲದಲ್ಲಿ ಅಪ್ಪ ಅಮ್ಮನ ಪಾಸ್‌ಪೋರ್ಟಿನ ಮೇಲೆ ಬಂದ ಎಷ್ಟೋ ಮಕ್ಕಳು ಅಲ್ಲೇ ಬೆಳೆದು ಮುದುಕರಾದರು. ಕಾನೂನು ಬಿಗಿಯಾದಾಗ "ನೀವು ಇಲ್ಲಿಯವರೆಂಬುದಕ್ಕೆ ಕಾಗದ ಕೊಡಿ" ಎಂದರು. ಅವರ ಬಳಿ ಇರಲಿಲ್ಲ. ಅವರು ಬಂದಿಳಿದ ದಿನವನ್ನು ತೋರಿಸಬಹುದಾಗಿದ್ದ ಹಳೆಯ ಚೀಟಿಗಳನ್ನು 2010ರಲ್ಲಿ ಸರ್ಕಾರವೇ ನಾಶ ಮಾಡಿತ್ತು. ಕೆಲವರು ಕೆಲಸ ಕಳೆದುಕೊಂಡರು, ಕೆಲವರಿಗೆ ಚಿಕಿತ್ಸೆ ಸಿಗಲಿಲ್ಲ, ಕೆಲವರನ್ನು ದೇಶದಿಂದಲೇ ಕಳಿಸಿಬಿಟ್ಟರು. 2018ರಲ್ಲಿ ವಿಷಯ ದೊಡ್ಡದಾಗಿ ಸರ್ಕಾರ ಕ್ಷಮೆ ಕೇಳಿತು.

"ಎದುರಿಗೇ ಇದ್ದಾರಲ್ಲ, ಕಾಗದ ಯಾಕೆ?" ಎಂದಳು ಮೊಮ್ಮಗಳು.

ಆ ಮಾತು ನನಗೆ ಚುರುಕ್ಕೆಂದಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಒಂದು ನವೆಂಬರಿನಲ್ಲಿ, ಬದುಕಿದ್ದೇನೆಂಬ ದೃಢೀಕರಣ ಕೊಡಲು ಹಳ್ಳಿಯಿಂದ ಒಬ್ಬ ಅಜ್ಜಿ ಬಸ್ಸಿನಲ್ಲಿ ಬಂದಿದ್ದರು. ಕಾಗದದಲ್ಲಿ ಹೆಸರಿನ ಒಂದಕ್ಷರ ತಪ್ಪಾಗಿತ್ತು. "ಸರಿ ಮಾಡಿಸಿಕೊಂಡು ಬನ್ನಿ" ಎಂದೆ. "ನಾನೇ ಬಂದು ನಿಂತಿದ್ದೀನಲ್ಲಪ್ಪಾ" ಎಂದರು. ನಿಯಮ ನನ್ನ ಕಡೆಯಿತ್ತು, ಕಳಿಸಿಬಿಟ್ಟೆ. ಒಳಗೆ ಮ್ಯಾನೇಜರನ್ನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಆ ತಿಂಗಳು ಅವರಿಗೆ ಪಿಂಚಣಿ ಬರಲಿಲ್ಲ.

ಇದನ್ನು ರೈಲಿನಲ್ಲೇ ಮೊಮ್ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, "ಆ ಅಜ್ಜಿ ಹೆಸರೇನು?" ಎಂದಳು. ನನಗೆ ತಪ್ಪಾದ ಅಕ್ಷರ ನೆನಪಿತ್ತು, ಹೆಸರು ನೆನಪಿರಲಿಲ್ಲ.

ಈಗ ಪ್ರತಿ ನವೆಂಬರಿನಲ್ಲಿ ನಾನೂ ಅದೇ ಕಾಗದ ಹಿಡಿದು ಕೌಂಟರಿನ ಈಚೆ ನಿಲ್ಲುತ್ತೇನೆ.

ಮಕ್ಕಳೇ, ನಿಮ್ಮ ಮನೆಯ ಹಿರಿಯರು ಯಾವ ಊರಿನಿಂದ, ಯಾವ ವರ್ಷ, ಕೈಯಲ್ಲಿ ಏನು ಹಿಡಿದು ಬಂದರು ಎಂದು ಇವತ್ತೇ ಕೇಳಿ. ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ. ಹೆಸರನ್ನು ಮಾತ್ರ ಮರೆಯದೆ ಬರೆಯಿರಿ.